ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್: ಎಂ.ಎ. ತರಗತಿಯಿಂದ ಆರ್‌ಸಿಐ ನೋಂದಣಿಯವರೆಗೆ ಸಮಗ್ರ ಮಾರ್ಗದರ್ಶಿ

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದು ಹೊರಟ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ‘ಪಿಎಚ್‌.ಡಿ. ಎಲ್ಲಿ ಮಾಡಲಿ?’ ಎಂದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ರೋಗಿಗಳನ್ನು ನೋಡುವ ಅಧಿಕಾರ ಯಾವ ಓದಿನಿಂದ ಬರುತ್ತದೆ? ಅಮೆರಿಕದಲ್ಲಿ ಡಾಕ್ಟರೇಟ್ ಪದವಿಯ ಒಳಗೇ ಕ್ಲಿನಿಕಲ್ ತರಬೇತಿ ಸೇರಿರುವುದರಿಂದ ಅಲ್ಲಿ ಎರಡೂ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಒಂದೇ. ಭಾರತದಲ್ಲಿ ಹಾಗಿಲ್ಲ. ಇಲ್ಲಿ ಪಿಎಚ್‌.ಡಿ. ಎಂಬುದು ಸಂಶೋಧನಾ ಪದವಿ. ವೃತ್ತಿ ನಡೆಸುವ ಹಕ್ಕು ಬರುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕ್ಲಿನಿಕಲ್ ತರಬೇತಿಯಿಂದ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ವಿದ್ಯಾರ್ಥಿಗಳಿಗಾಗಿ ಬರೆದವು. ಅವನ್ನೇ ನಂಬಿ ಎಂ.ಎ. ಮುಗಿದ ಕೂಡಲೇ ಪಿಎಚ್‌.ಡಿ.ಗೆ ಸೇರಿ, ಹೆಸರಿನ ಹಿಂದೆ ‘ಡಾ.’ ಬಂದರೂ ಆಸ್ಪತ್ರೆಯಲ್ಲಿ ಕೆಲಸ ಮಾಡಲಾಗದೆ ಉಳಿದವರು ನಮ್ಮಲ್ಲಿ ಇದ್ದಾರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಅನುಕ್ರಮಕ್ಕೆ ಹೆಚ್ಚಿನ ಒತ್ತು ಕೊಡಲಾಗಿದೆ.

ಹಂತ 1: ಕಾನೂನನ್ನು ಅರಿತುಕೊಳ್ಳಿ

ಓದುವ ಮೊದಲೇ ಕಾನೂನಿನ ಮಾತೇಕೆ ಎಂದು ಅನ್ನಿಸಬಹುದು. ಆದರೆ ಮುಂದಿನ ಏಳೆಂಟು ವರ್ಷಗಳ ಯೋಜನೆ ನಿಲ್ಲುವುದು ಇದರ ಮೇಲೆಯೇ. 1992ರ ಭಾರತೀಯ ಪುನರ್ವಸತಿ ಪರಿಷತ್ತು ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಪರಿಷತ್ತಿನ ವ್ಯಾಪ್ತಿಗೆ ಬರುವ ವೃತ್ತಿಪರರು. ಮಾನ್ಯ ಅರ್ಹತೆ ಪಡೆದವರ ಹೆಸರು ಕೇಂದ್ರೀಯ ಪುನರ್ವಸತಿ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ, ಮತ್ತು ದಾಖಲಾಗದೆ ವೃತ್ತಿ ನಡೆಸುವವರಿಗೆ ಕಾಯ್ದೆಯ 13ನೇ ಸೆಕ್ಷನ್ ಒಂದು ವರ್ಷದವರೆಗಿನ ಸೆರೆವಾಸ, 1,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರು ಎಂಬುದನ್ನು ವ್ಯಾಖ್ಯಾನಿಸಿದೆ: ಆರ್‌ಸಿಐ ಮಾನ್ಯ ಮಾಡಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯ ಮಾನ್ಯ ಅರ್ಹತೆ ಪಡೆದವರು, ಅಥವಾ ಮನೋವಿಜ್ಞಾನದ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿಯನ್ನು ಒಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮುಗಿಸಿದವರು. ಈ ವ್ಯಾಖ್ಯೆಯಲ್ಲಿ ಬರಿಯ ಪಿಎಚ್‌.ಡಿ.ಗೆ ಜಾಗವಿಲ್ಲ ಎಂಬುದನ್ನು ಗಮನಿಸಬೇಕು.

ಕೌನ್ಸೆಲಿಂಗ್ ಡಿಪ್ಲೊಮಾ, ಕೌನ್ಸೆಲಿಂಗ್ ಸೈಕಾಲಜಿಯ ಎಂ.ಎ., ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳಿಗೆ ತಮ್ಮದೇ ಉಪಯೋಗವಿದ್ದರೂ ಅವು ಈ ರಿಜಿಸ್ಟರಿಗೆ ದಾರಿಯಾಗುವುದಿಲ್ಲ. ಪುನರ್ವಸತಿ ಮನೋವಿಜ್ಞಾನಿ, ಅಂದರೆ ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್, ಎಂಬುದು ಆರ್‌ಸಿಐನಲ್ಲಿಯೇ ಇರುವ ಬೇರೆ ವರ್ಗ. ಕಾಲೇಜಿನ ಜಾಹೀರಾತಿನಲ್ಲಿ ‘ಆರ್‌ಸಿಐ ಮಾನ್ಯತೆ’ ಎಂದು ಕಂಡರೆ ಅದು ಯಾವ ವರ್ಗಕ್ಕೆ ಸಿಕ್ಕ ಮಾನ್ಯತೆ ಎಂದು ಕೇಳಿ ತಿಳಿದುಕೊಳ್ಳಬೇಕು.

ಹಂತ 2: ಪದವಿ ಮತ್ತು ಸ್ನಾತಕೋತ್ತರ ಪದವಿ

ಈ ಹಂತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಬೇಕು, ಅಂಕಗಳು ಕನಿಷ್ಠ ಶೇ. 55 ಇರುವಂತೆ ನೋಡಿಕೊಳ್ಳಬೇಕು, ಮುಂದಿನ ಎಲ್ಲ ಪ್ರವೇಶಗಳಲ್ಲೂ ಸಾಮಾನ್ಯವಾಗಿ ಕೇಳುವ ಗಡಿ ಅದೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಷ್ಟು ಹಿಂದೆಯೇ ಮಹಾರಾಜ ಕಾಲೇಜಿನಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಕನ್ನಡಿಗರು ನೆನೆಯುವುದು ಹೆಚ್ಚಾಗಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದವರೆಂದು. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆ ಹೆಸರಾದ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಪ್ರಯೋಗ ಮನೋವಿಜ್ಞಾನಿ ಅವರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ದೂರಶಿಕ್ಷಣದ ಎಂ.ಎ. ಬಗ್ಗೆ ಒಂದು ಎಚ್ಚರಿಕೆ. ಮನೋವಿಜ್ಞಾನವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು 2025ರ ಜುಲೈ–ಆಗಸ್ಟ್ ಸಾಲಿನಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ನಿರ್ಬಂಧಿಸಿದೆ. ಈಗ ಸೇರುವವರು ನಿಯತ ತರಗತಿಗಳನ್ನೇ ಆಯ್ದುಕೊಳ್ಳಬೇಕು.

ಎಂ.ಎ. ಓದುವಾಗ ಸಂಖ್ಯಾಶಾಸ್ತ್ರವನ್ನು ಕಡೆಗಣಿಸಬಾರದು. ಪ್ರವೇಶ ಪರೀಕ್ಷೆಯಿಂದ ಹಿಡಿದು ಪಿಎಚ್‌.ಡಿ. ಪ್ರಬಂಧದವರೆಗೆ ಅದು ಬೆನ್ನು ಬಿಡುವುದಿಲ್ಲ, ಮತ್ತು ರೋಗಿಯ ಜೊತೆ ಚೆನ್ನಾಗಿ ಮಾತನಾಡಬಲ್ಲ ಎಷ್ಟೋ ಮಂದಿ ಎಡವುವುದು ಅಲ್ಲಿಯೇ. ಬೇಸಿಗೆ ರಜೆಯಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೋ ವಿಶೇಷ ಮಕ್ಕಳ ಶಾಲೆಯಲ್ಲೋ ಕೆಲವು ವಾರ ಕಳೆಯುವುದು ಒಳ್ಳೆಯದು. ಅದರಿಂದ ಸಿಗುವ ಪ್ರಮಾಣಪತ್ರಕ್ಕಿಂತ, ಈ ಕೆಲಸ ತನಗೆ ಒಗ್ಗುತ್ತದೆಯೇ ಎಂಬ ಅರಿವು ದೊಡ್ಡದು.

ಹಂತ 3: ಕ್ಲಿನಿಕಲ್ ತರಬೇತಿಯನ್ನು ಆರಿಸಿಕೊಳ್ಳುವುದು

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದ ಬೆನ್ನಿಗೇ ದೇಶದಲ್ಲಿ ಈ ವೃತ್ತಿಯ ವ್ಯವಸ್ಥಿತ ತರಬೇತಿಯೂ ಆರಂಭವಾಯಿತು. ಆ ಸಂಸ್ಥೆ 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನವಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಡಿಪ್ಲೊಮಾ ಆಗಿ ಹುಟ್ಟಿದ ಕೋರ್ಸು ಮುಂದೆ ಎಂ.ಫಿಲ್. ಆಗಿ, ದೇಶದ ಉಳಿದ ಸಂಸ್ಥೆಗಳಿಗೆ ಮಾದರಿಯಾಯಿತು. ಕನ್ನಡದ ವಿದ್ವಾಂಸ ಸಾ.ಕೃ. ರಾಮಚಂದ್ರರಾಯರು ಇದೇ ಸಂಸ್ಥೆಯ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದರು. ಕರ್ನಾಟಕದೊಳಗೆ ನಿಮ್ಹಾನ್ಸ್ ಅಲ್ಲದೆ ಧಾರವಾಡದ ಡಿಮ್ಹಾನ್ಸ್ ಮತ್ತು ಮಣಿಪಾಲ ಈ ತರಬೇತಿಗೆ ಹೆಸರಾದವು. ಹೊರಗೆ ರಾಂಚಿಯ ಕೇಂದ್ರೀಯ ಮನೋವೈದ್ಯಕೀಯ ಸಂಸ್ಥೆ, ದೆಹಲಿಯ ಇಹ್‌ಬಾಸ್, ತೇಜ್‌ಪುರದ ಪ್ರಾದೇಶಿಕ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ.

ಈಗ ಈ ವ್ಯವಸ್ಥೆ ಬದಲಾವಣೆಯ ಹೊಸ್ತಿಲಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನು ಕೈಬಿಡಲು ಹೇಳಿತು. 2022ರ ಯುಜಿಸಿ ನಿಯಮಾವಳಿ ಅದನ್ನು ಜಾರಿಗೆ ತಂದಿತು. ಆದರೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂಬ ಎರಡು ವಿಷಯಗಳಲ್ಲಿ ಎಂ.ಫಿಲ್. ಬರಿಯ ಸಂಶೋಧನಾ ಪದವಿಯಾಗಿರದೆ ವೃತ್ತಿಯ ಪರವಾನಗಿಯೇ ಆಗಿದ್ದುದರಿಂದ, 2024ರ ಜನವರಿಯಲ್ಲಿ ಯುಜಿಸಿ ಈ ಎರಡಕ್ಕೆ ಮಾತ್ರ 2025-26ನೇ ಶೈಕ್ಷಣಿಕ ಸಾಲಿನವರೆಗೆ ಮಾನ್ಯತೆ ವಿಸ್ತರಿಸಿತು. ಈಗಾಗಲೇ ಎಂ.ಫಿಲ್. ಪಡೆದವರು ಗಾಬರಿಯಾಗಬೇಕಿಲ್ಲ. ಹೊಸದಾಗಿ ಸೇರುವವರು ಮಾತ್ರ, ಹಿರಿಯ ವಿದ್ಯಾರ್ಥಿಗಳು ಹೇಳಿದ ಹಳೆಯ ದಾರಿಯನ್ನೇ ಕಣ್ಣು ಮುಚ್ಚಿ ಹಿಡಿಯದೆ, ತಾವು ಸೇರುವ ಸಾಲಿಗೆ ಆರ್‌ಸಿಐ ಪ್ರಕಟಿಸಿರುವ ಮಾನ್ಯ ಕೋರ್ಸುಗಳ ಮತ್ತು ಸಂಸ್ಥೆಗಳ ಪಟ್ಟಿಯನ್ನು ಪರಿಷತ್ತಿನ ಜಾಲತಾಣದಲ್ಲಿ ತಾವೇ ತೆರೆದು ನೋಡಬೇಕು. ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆ ಯಾವ ಸಾಲಿನಿಂದ ಯಾವ ಸಾಲಿನವರೆಗೆ, ಎಷ್ಟು ಸೀಟು ಎಂಬ ನಾಲ್ಕೂ ಹೊಂದಿಕೆಯಾಗಬೇಕು. ‘ಮಾನ್ಯತೆಗೆ ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ’ ಎನ್ನುವ ಸಂಸ್ಥೆಗೆ ಶುಲ್ಕ ಕಟ್ಟಬಾರದು.

ಡಾಕ್ಟರೇಟ್ ಮಟ್ಟದಲ್ಲಿಯೇ ವೃತ್ತಿ ತರಬೇತಿ ಕೊಡುವ ಡಾಕ್ಟರ್ ಆಫ್ ಸೈಕಾಲಜಿ, ಅಂದರೆ ಸೈ.ಡಿ., ಎಂಬ ದಾರಿಯೂ ಇದೆ. ಅದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಆರಂಭವಾದ ಮಾದರಿ: ಸಂಶೋಧಕರನ್ನು ತಯಾರಿಸುವುದಕ್ಕಿಂತ ನುರಿತ ಚಿಕಿತ್ಸಕರನ್ನು ತಯಾರಿಸುವುದು ಅದರ ಗುರಿ. ಆರ್‌ಸಿಐ ಇದನ್ನು ಸ್ನಾತಕೋತ್ತರ ಪದವಿಯ ನಂತರದ ನಾಲ್ಕು ವರ್ಷಗಳ ಕೋರ್ಸಾಗಿ ರೂಪಿಸಿತು. ಮುಂದೆ ಪೂರ್ಣಾವಧಿ ಚಿಕಿತ್ಸೆಯಲ್ಲೇ ತೊಡಗುವೆನೆಂಬ ಸ್ಪಷ್ಟತೆ ಇರುವವರಿಗೆ ಇದು ಹೊಂದುತ್ತದೆ. ಆದರೆ ಸೈ.ಡಿ. ನಡೆಸುವ ಸಂಸ್ಥೆಗೆ ತನ್ನದೇ ಆದ ಅಥವಾ ಗಟ್ಟಿಯಾಗಿ ಜೋಡಣೆಯಾದ ಆಸ್ಪತ್ರೆ ಇದೆಯೇ, ಒಳರೋಗಿಗಳ ವಾರ್ಡು ಇದೆಯೇ, ಮಕ್ಕಳ ವಿಭಾಗ ಮತ್ತು ವ್ಯಸನಮುಕ್ತಿ ವಿಭಾಗ ಇವೆಯೇ ಎಂಬುದನ್ನು ಹೋಗಿ ನೋಡಿಯೇ ನಿರ್ಧರಿಸಬೇಕು. ರೋಗಿಗಳೇ ಇಲ್ಲದ ಕಡೆ ನಾಲ್ಕು ವರ್ಷ ಓದುವುದೂ ಒಂದೇ, ಕೆರೆಗಿಳಿಯದೆ ಈಜು ಕಲಿಯುವುದೂ ಒಂದೇ.

ಹಂತ 4: ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ

ಸೀಟುಗಳು ಕಡಿಮೆ, ಅರ್ಜಿಗಳು ಬಹಳ. ಆದ್ದರಿಂದ ಒಂದೇ ಸಂಸ್ಥೆಯನ್ನು ನೆಚ್ಚಿಕೊಳ್ಳದೆ ನಾಲ್ಕೈದು ಕಡೆ ಬರೆಯಬೇಕು. ಪರೀಕ್ಷೆಗೆ ಮನೋರೋಗಶಾಸ್ತ್ರ, ಸಾಮಾನ್ಯ ಮನೋವಿಜ್ಞಾನ, ಬೆಳವಣಿಗೆಯ ಮನೋವಿಜ್ಞಾನ, ಮಾನಸಿಕ ಪರೀಕ್ಷಣಗಳು, ಮನೋಚಿಕಿತ್ಸೆಯ ಸಿದ್ಧಾಂತಗಳು, ಮಿದುಳಿನ ರಚನೆ ಮತ್ತು ಕಾರ್ಯ, ಸಂಶೋಧನಾ ವಿಧಾನಗಳನ್ನು ಓದಿಕೊಳ್ಳಬೇಕು. ಗೈಡುಗಳನ್ನು ಬಾಯಿಪಾಠ ಮಾಡುವುದರ ಬದಲು ಎಂ.ಎ. ಪಠ್ಯಗಳನ್ನೇ ಮತ್ತೊಮ್ಮೆ, ಈ ಸಲ ಪ್ರಶ್ನೆ ಕೇಳಿಕೊಳ್ಳುತ್ತ ಓದುವುದು ಮೇಲು.

ಸಂದರ್ಶನದ ಬಗ್ಗೆ ನನ್ನ ಅಭಿಪ್ರಾಯವಿಷ್ಟು: ‘ಜನರಿಗೆ ಸಹಾಯ ಮಾಡಬೇಕೆಂಬ ಹಂಬಲ’ ಎಂಬ ಉತ್ತರವನ್ನು ಸಂದರ್ಶಕರು ದಿನವಿಡೀ ಕೇಳಿರುತ್ತಾರೆ. ತಾನು ಕಂಡ ಒಂದು ಸಂದರ್ಭವನ್ನು ಹೇಳಿ, ಅದರಲ್ಲಿ ತನಗೆ ಅರ್ಥವಾಗದೆ ಉಳಿದದ್ದೇನು ಎಂದು ವಿವರಿಸಬಲ್ಲ ಅಭ್ಯರ್ಥಿ ಹೆಚ್ಚು ನೆನಪಿನಲ್ಲಿ ಉಳಿಯುತ್ತಾನೆ. ಎಂ.ಎ.ಯಲ್ಲಿ ಮಾಡಿದ ಕಿರುಪ್ರಬಂಧದ ಮೇಲೆ ಪ್ರಶ್ನೆಗಳು ಬರುವುದು ಬಹುತೇಕ ಖಚಿತ. ಆ ಮಾದರಿಯನ್ನೇ ಏಕೆ ಆಯ್ದುಕೊಂಡೆ, ಆ ಪರೀಕ್ಷಣವನ್ನೇ ಏಕೆ ಬಳಸಿದೆ ಎಂಬುದಕ್ಕೆ ಉತ್ತರ ಸಿದ್ಧವಿರಬೇಕು.

ಹಂತ 5: ತರಬೇತಿಯ ಒಳಗೆ

ಇಲ್ಲಿಂದ ಮುಂದೆ ವಿದ್ಯಾರ್ಥಿ ಜೀವನದ ಲಯವೇ ಬದಲಾಗುತ್ತದೆ. ಬೆಳಿಗ್ಗೆ ಹೊರರೋಗಿ ವಿಭಾಗ ಅಥವಾ ವಾರ್ಡ್ ರೌಂಡ್ಸ್, ಮಧ್ಯಾಹ್ನ ಪರೀಕ್ಷಣಗಳು ಮತ್ತು ಚಿಕಿತ್ಸಾ ಅವಧಿಗಳು, ಸಂಜೆ ಮೇಲ್ವಿಚಾರಕರೊಡನೆ ಕೇಸ್ ಚರ್ಚೆ, ರಾತ್ರಿ ವರದಿ ಬರೆಯುವುದು. ಎರಡು ವರ್ಷಗಳ ಎಂ.ಫಿಲ್.ಗೆ ಆರ್‌ಸಿಐ ರೂಪಿಸಿದ ಪಠ್ಯಕ್ರಮದಲ್ಲಿ ಮೊದಲ ವರ್ಷ ವರ್ತನೆಯ ಮನೋಸಾಮಾಜಿಕ ತಳಹದಿ, ಮನೋವೈದ್ಯಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನಗಳು. ಎರಡನೆಯ ವರ್ಷ ಜೈವಿಕ ತಳಹದಿ, ಮನೋಚಿಕಿತ್ಸೆ, ಬಿಹೇವಿಯರಲ್ ಮೆಡಿಸಿನ್ (ದೈಹಿಕ ಕಾಯಿಲೆಗಳಲ್ಲಿ ವರ್ತನೆಯ ಪಾತ್ರ) ಮತ್ತು ಕಿರುಪ್ರಬಂಧ ಇವೆ. ಮೊದಲ ವರ್ಷದ ಕೊನೆಗೆ ಐದು ಪೂರ್ಣ ಪ್ರಮಾಣದ ಮಾನಸಿಕ ಪರೀಕ್ಷಣ ವರದಿಗಳನ್ನೂ, ಎರಡನೆಯ ವರ್ಷದ ಕೊನೆಗೆ ಐದು ಚಿಕಿತ್ಸಾ ದಾಖಲೆಗಳನ್ನೂ ಪರೀಕ್ಷಕರ ಮುಂದಿಡಬೇಕು.

ಕೇಸ್ ಹಿಸ್ಟರಿ ತೆಗೆಯುವ ಕಲೆಯನ್ನು ಮೊದಲ ಆರು ತಿಂಗಳಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ನಮ್ಮ ಹೊರರೋಗಿ ವಿಭಾಗಗಳಿಗೆ ಬರುವವರು ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವುದು ಅಪರೂಪ. ತಲೆ ಭಾರ, ಎದೆಯಲ್ಲಿ ಉರಿ, ಕೈಕಾಲು ಸೆಳೆತ, ಗ್ಯಾಸು, ಸುಸ್ತು ಎಂದೇ ಆರಂಭವಾಗುತ್ತದೆ. ಜೊತೆಗೆ ಬಂದ ಅಣ್ಣನೋ ಅತ್ತೆಯೋ ನಡುವೆ ಬಾಯಿ ಹಾಕಿ ತಮ್ಮ ಕಥೆ ಹೇಳುತ್ತಾರೆ. ರೋಗಿಯನ್ನು ಒಬ್ಬಂಟಿಯಾಗಿ ಮಾತನಾಡಿಸುವುದು ಯಾವಾಗ, ಮನೆಯವರ ಮಾತನ್ನು ದಾಖಲಿಸಿಕೊಂಡೂ ಅದನ್ನೇ ಕೊನೆಯ ಮಾತೆಂದು ನಂಬದಿರುವುದು ಹೇಗೆ, ದೇವರು ಮೈಮೇಲೆ ಬರುವುದನ್ನು ಕಂಡ ಕೂಡಲೇ ರೋಗವೆಂದು ಬರೆದುಬಿಡದೆ ಆ ಕುಟುಂಬ ಮತ್ತು ಊರು ಅದನ್ನು ಹೇಗೆ ಕಾಣುತ್ತವೆ ಎಂದು ವಿಚಾರಿಸುವುದು ಹೇಗೆ ಎಂಬುದನ್ನು ಪುಸ್ತಕಕ್ಕಿಂತ ಹಿರಿಯರ ಪಕ್ಕದಲ್ಲಿ ಕೂತು ಕಲಿಯಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಅಳುಕಿನಿಂದ ಹಿಂಜರಿಯುವುದನ್ನು ಕಾಣುತ್ತೇವೆ. ಬರವಣಿಗೆಯ ಇಂಗ್ಲಿಷನ್ನು ಒಂದು ವರ್ಷದಲ್ಲಿ ರೂಢಿಸಿಕೊಳ್ಳಬಹುದು; ರಾಯಚೂರಿನ ರೈತನ ಮಾತಿನ ವರಸೆಯನ್ನು ಹಿಡಿಯಬಲ್ಲ ಕಿವಿ ಅಷ್ಟು ಬೇಗ ಬರುವುದಿಲ್ಲ.

ಮಾನಸಿಕ ಪರೀಕ್ಷಣಗಳಲ್ಲೂ ಸ್ಥಳೀಯ ತಿಳಿವಳಿಕೆ ಬೇಕು. ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದ ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ಪ್ರಮಾಣೀಕರಿಸಿದರು. ಅಷ್ಟು ಹಳೆಯ ಮಾನಕದ ಆಧಾರದ ಮೇಲೆ ಇಂದಿನ ಮಗುವಿನ ಐಕ್ಯೂ ಬರೆಯುವಾಗ ಎಷ್ಟು ಎಚ್ಚರ ಬೇಕು ಎಂಬುದು ಪ್ರತಿಯೊಬ್ಬ ತರಬೇತಿ ಅಭ್ಯರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಇಂಥ ಪರೀಕ್ಷೆಗಳ ಅಂಕವೂ ಆಧಾರವಾಗುವುದರಿಂದ, ಒಂದು ಕುಟುಂಬಕ್ಕೆ ಪಿಂಚಣಿ ಸಿಗುವುದೂ ತಪ್ಪುವುದೂ ನೀವು ಬರೆಯುವ ಆ ಸಂಖ್ಯೆಯ ಮೇಲೆ ನಿಂತಿರಬಹುದು. ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಣಗಳ ಕಟ್ಟಿನಲ್ಲಿ ಭಾರತೀಯ ವಯಸ್ಕರ ಮಾನಕಗಳಿವೆ. ಅಪಸ್ಮಾರ, ತಲೆಪೆಟ್ಟು, ಮರೆವಿನ ಕಾಯಿಲೆಗಳ ಮೌಲ್ಯಮಾಪನಕ್ಕೆ ಅದನ್ನು ಚೆನ್ನಾಗಿ ಕಲಿತಿರಬೇಕು.

ಮೇಲ್ವಿಚಾರಣೆಯನ್ನು ಕೆಲವರು ತಪ್ಪು ಹುಡುಕುವ ಪ್ರಕ್ರಿಯೆ ಎಂದು ಭಾವಿಸಿ, ಕೆಟ್ಟುಹೋದ ಅವಧಿಗಳನ್ನು ಮುಚ್ಚಿಟ್ಟು ಚೆನ್ನಾಗಿ ನಡೆದವನ್ನು ಮಾತ್ರ ಹೇಳುತ್ತಾರೆ. ಇದರಿಂದ ನಷ್ಟವಾಗುವುದು ರೋಗಿಗೆ. ಆತ್ಮಹತ್ಯೆಯ ಯೋಚನೆ ಹೇಳಿಕೊಂಡ ರೋಗಿಯ ವಿಷಯವನ್ನು ಅದೇ ದಿನ ಮೇಲ್ವಿಚಾರಕರಿಗೂ ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರಿಗೂ ತಿಳಿಸುವುದು ಕಡ್ಡಾಯ, ನಾಳೆಗೆ ತಳ್ಳುವಂತಿಲ್ಲ.

ಹಂತ 6: ಪಿಎಚ್‌.ಡಿ.

ಕ್ಲಿನಿಕಲ್ ತರಬೇತಿ ಮುಗಿದು ನೋಂದಣಿಯಾದ ಮೇಲೆ ಪಿಎಚ್‌.ಡಿ. ಬೇಕೇ ಎಂಬುದು ನಿಜವಾದ ಆಯ್ಕೆಯ ಪ್ರಶ್ನೆ. ಖಾಸಗಿಯಾಗಿ ಚಿಕಿತ್ಸೆ ನೀಡುವವರಿಗೆ ಅದು ಅನಿವಾರ್ಯವಲ್ಲ. ಬೋಧನೆ, ಸಂಶೋಧನೆ, ದೊಡ್ಡ ಸಂಸ್ಥೆಗಳ ಬೋಧಕ ಹುದ್ದೆಗಳಲ್ಲಿ ಮನಸ್ಸಿರುವವರಿಗೆ ಬೇಕು. ನಡುವೆ ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೋ ಕೆಲಸ ಮಾಡಿ ಬಂದವರ ಸಂಶೋಧನಾ ಪ್ರಶ್ನೆಗಳು ನೆಲಕ್ಕೆ ಹತ್ತಿರವಿರುತ್ತವೆ. ಆ ಕಾರ್ಯಕ್ರಮ ಬೆಳೆದದ್ದೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ.

2022ರ ಯುಜಿಸಿ ನಿಯಮಾವಳಿಯ ಮುಖ್ಯಾಂಶಗಳನ್ನು ತಿಳಿದಿರಬೇಕು. ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ; ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯಿದೆ. ಕೋರ್ಸ್‌ವರ್ಕ್, ಅಂದರೆ ಸಂಶೋಧನೆಗೆ ಮೊದಲಿನ ತರಗತಿ ಓದು, ಕನಿಷ್ಠ 12 ಕ್ರೆಡಿಟ್ಟುಗಳದು. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ವಿದ್ಯಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಆದ್ದರಿಂದ ಪ್ರವೇಶಕ್ಕೆ ಮೊದಲೇ ತಮ್ಮ ಆಸಕ್ತಿಯ ಮಾರ್ಗದರ್ಶಕರಲ್ಲಿ ಜಾಗವಿದೆಯೇ ಎಂದು ವಿಚಾರಿಸುವುದು ಜಾಣತನ. ಕೆಲಸದಲ್ಲಿರುವವರು ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕವಾಗಿಯೂ ಸೇರಲು ಅವಕಾಶವಿದೆ.

2024ರ ಜೂನ್‌ನಿಂದ ಎನ್‌ಇಟಿ, ಅಂದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ, ಅಂಕಗಳ ಮೇಲೆಯೇ ಪಿಎಚ್‌.ಡಿ. ಪ್ರವೇಶ ಪಡೆಯಬಹುದು. ಅದೇ ಪರೀಕ್ಷೆಯಿಂದ ಸಿಗುವ ಕಿರಿಯ ಸಂಶೋಧನಾ ಶಿಷ್ಯವೇತನ, ಅಂದರೆ ಜೆಆರ್‌ಎಫ್, ಇಲ್ಲದವರಿಗೆ ಎನ್‌ಇಟಿ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಪಿಎಚ್‌.ಡಿ. ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ಮಾನ್ಯ. ಜೆಆರ್‌ಎಫ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಹಿರಿಯ ಸಂಶೋಧನಾ ಶಿಷ್ಯವೇತನ (ಎಸ್‌ಆರ್‌ಎಫ್) ಆಗಿ 42,000 ರೂಪಾಯಿ ದೊರೆಯುತ್ತದೆ. ನಿಮ್ಹಾನ್ಸ್‌ನಂಥ ಸಂಸ್ಥೆಗಳ ಪ್ರವೇಶ ಕ್ರಮ ಬೇರೆಯಾಗಿರುವುದರಿಂದ ಆಯಾ ವರ್ಷದ ಪ್ರಾಸ್ಪೆಕ್ಟಸ್ ನೋಡಬೇಕು.

ವಿಷಯ ಆಯ್ಕೆಯಲ್ಲಿ ಆಸೆಗಿಂತ ಲೆಕ್ಕ ಮುಖ್ಯ. ಗೀಳು ಮನೋರೋಗದ ಬಗ್ಗೆ 120 ರೋಗಿಗಳ ಅಧ್ಯಯನ ಎಂದು ಬರೆಯುವ ಮೊದಲು, ನಿಮ್ಮ ಆಸ್ಪತ್ರೆಗೆ ತಿಂಗಳಿಗೆ ಅಂಥ ರೋಗಿಗಳು ಎಷ್ಟು ಮಂದಿ ಬರುತ್ತಾರೆ, ಅವರಲ್ಲಿ ನಿಮ್ಮ ಷರತ್ತುಗಳಿಗೆ ಹೊಂದುವವರೆಷ್ಟು, ಒಪ್ಪುವವರೆಷ್ಟು, ಆರು ತಿಂಗಳ ನಂತರ ಮರಳಿ ಬರುವವರೆಷ್ಟು ಎಂದು ರಿಜಿಸ್ಟರ್ ತೆರೆದು ನೋಡಬೇಕು. ಬಿತ್ತನೆ, ಕೊಯ್ಲಿನ ತಿಂಗಳುಗಳಲ್ಲಿ ಹಳ್ಳಿಯ ರೋಗಿಗಳು ಬರುವುದೇ ಕಡಿಮೆ ಎಂಬ ಸಣ್ಣ ಸಂಗತಿಯೂ ವೇಳಾಪಟ್ಟಿಯನ್ನು ತಲೆಕೆಳಗು ಮಾಡಬಲ್ಲದು.

ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಬಳಸುವುದಾದರೆ ಅದಕ್ಕೇ ಒಂದು ವರ್ಷದ ಹತ್ತಿರ ಮೀಸಲಿಡಬೇಕಾಗುತ್ತದೆ. ಮೊದಲು ಹಕ್ಕುದಾರರ ಅನುಮತಿ; ಆಮೇಲೆ ಇಬ್ಬರಿಂದ ಪ್ರತ್ಯೇಕ ಅನುವಾದ, ಮೂಲವನ್ನು ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಅನುವಾದ, ತಜ್ಞರ ಸಮಿತಿಯ ಪರಿಶೀಲನೆ, ಕೆಲವು ರೋಗಿಗಳ ಮೇಲೆ ಪ್ರಯೋಗ, ಕೊನೆಗೆ ವಿಶ್ವಾಸಾರ್ಹತೆ ಮತ್ತು ಸಿಂಧುತ್ವದ ಪರೀಕ್ಷೆ. ಬೆಂಗಳೂರಿನಲ್ಲಿ ಸರಾಗವಾಗಿ ಅರ್ಥವಾದ ವಾಕ್ಯ ಕಲಬುರಗಿಯಲ್ಲೂ ಮಂಗಳೂರಿನಲ್ಲೂ ಅದೇ ಅರ್ಥ ಕೊಡುತ್ತದೆಯೇ ಎಂದು ನೋಡದೆ ಮುಂದುವರಿಯಬಾರದು. ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದ ಪ್ರಬಂಧ ಮುಂದೆ ಬೇರೆಯವರಿಗೂ ಉಪಕರಣವಾಗಿ ಒದಗುತ್ತದೆ; ನನ್ನ ದೃಷ್ಟಿಯಲ್ಲಿ ಕನ್ನಡನಾಡಿನಲ್ಲಿ ಈಗ ಹೆಚ್ಚು ಬೇಕಾಗಿರುವ ಸಂಶೋಧನೆಯೂ ಇದೇ.

ಮಾಹಿತಿ ಸಂಗ್ರಹಕ್ಕೆ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಅದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಆಧಾರ. ಸಮ್ಮತಿ ಪತ್ರ ರೋಗಿಯ ಭಾಷೆಯಲ್ಲಿರಬೇಕು ಮತ್ತು ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಭಾರತದ ಚಿಕಿತ್ಸಾ ಪ್ರಯೋಗಗಳ ರಿಜಿಸ್ಟರಾದ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ಈಗಾಗಲೇ ಪ್ರಕಟವಾದ ಬರಹಗಳೊಡನೆ ಪ್ರಬಂಧದ ಹೋಲಿಕೆ ಪ್ರಮಾಣ ಶೇ. 10ನ್ನು ಮೀರಿದರೆ ಯುಜಿಸಿಯ 2018ರ ನಿಯಮಗಳಂತೆ ತೊಂದರೆ ಆರಂಭವಾಗುತ್ತದೆ.

ವಿದೇಶಕ್ಕೆ ಹೋಗುವವರಿಗೆ

ಅಮೆರಿಕದಲ್ಲಿ ಅಲ್ಲಿನ ಮನೋವಿಜ್ಞಾನಿಗಳ ಸಂಘವಾದ ಎಪಿಎ ಮಾನ್ಯತೆಯ ಪಿಎಚ್‌.ಡಿ. ಅಥವಾ ಸೈ.ಡಿ. ಜೊತೆಗೆ ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ಇಪಿಪಿಪಿ ಎಂಬ ವೃತ್ತಿ ಪರವಾನಗಿ ಪರೀಕ್ಷೆ ಮತ್ತು ರಾಜ್ಯದ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಮೂರು ವರ್ಷಗಳ ಕ್ಲಿನಿಕಲ್ ಡಾಕ್ಟರೇಟ್ ಮುಗಿಸಿ ಅಲ್ಲಿನ ಆರೋಗ್ಯ ವೃತ್ತಿಗಳ ಪರಿಷತ್ತಾದ ಎಚ್‌ಸಿಪಿಸಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಭಾರತದ ನೋಂದಣಿ ಅಲ್ಲಿ ತಾನಾಗಿಯೇ ಮಾನ್ಯವಾಗುವುದಿಲ್ಲ. ಅಲ್ಲಿ ಓದಿ ಮರಳುವವರೂ ಇಲ್ಲಿ ಕೆಲಸಕ್ಕೆ ಇಳಿಯುವ ಮುನ್ನ ಆರ್‌ಸಿಐ ಬಳಿ ತಮ್ಮ ಅರ್ಹತೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಹಂತ 7: ನೋಂದಣಿ ಮತ್ತು ಕೆಲಸ

ಕ್ರಮದಲ್ಲಿ ಕೊನೆಯದಾಗಿ ಬಂದರೂ ಈ ಕೆಲಸವನ್ನು ಪಿಎಚ್‌.ಡಿ. ಮುಗಿಯುವವರೆಗೆ ತಡೆಹಿಡಿಯಬಾರದು, ಕ್ಲಿನಿಕಲ್ ತರಬೇತಿಯ ಫಲಿತಾಂಶ ಬಂದ ಕೂಡಲೇ ಆರ್‌ಸಿಐಗೆ ಅರ್ಜಿ ಹಾಕಬೇಕು. ಅಂಕಪಟ್ಟಿ, ಪದವಿ ಪತ್ರ, ಗುರುತಿನ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ನಮ್ಮ ಕಡೆಯ ದಾಖಲೆಗಳಲ್ಲಿ ಪದೇ ಪದೇ ಎದುರಾಗುವ ತೊಡಕು, ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ನೋಂದಣಿ ಸಂಖ್ಯೆಯನ್ನು ಪ್ರತಿ ವರದಿಯಲ್ಲೂ ಸಹಿಯ ಕೆಳಗೆ ಬರೆಯಬೇಕು. ನೋಂದಣಿಯನ್ನು ನವೀಕರಿಸಲು ವೃತ್ತಿಯಲ್ಲಿದ್ದುಕೊಂಡೇ ಪಡೆಯುವ ನಿರಂತರ ಶಿಕ್ಷಣದ ಅಂಕಗಳು ಬೇಕಾಗುವುದರಿಂದ ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿಡಬೇಕು.

2017ರ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರವೂ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸಿಕೊಳ್ಳುತ್ತದೆ. ಕರ್ನಾಟಕದಲ್ಲಿ ಕೆಲಸ ಮಾಡುವವರು ಈ ಎರಡನೆಯ ನೋಂದಣಿಯನ್ನೂ ಮಾಡಿಸಿಕೊಳ್ಳಬೇಕು. ಅದೇ ಕಾಯ್ದೆಯ 106ನೇ ಸೆಕ್ಷನ್ ತನ್ನ ವೃತ್ತಿಗೆ ಸೇರದ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಸೂಚಿಸುವುದನ್ನು ನಿಷೇಧಿಸುತ್ತದೆ. ಪಿಎಚ್‌.ಡಿ. ಪಡೆದು ‘ಡಾಕ್ಟರ್’ ಎನಿಸಿಕೊಂಡ ಮೇಲೆ ರೋಗಿಗಳು ‘ನಿದ್ದೆಗೆ ಒಂದು ಮಾತ್ರೆ ಬರೆದುಕೊಡಿ’ ಎಂದು ಕೇಳುವುದು ಸಹಜ. ಆಗ ತಾನು ಮನೋವೈದ್ಯನಲ್ಲ ಎಂಬುದನ್ನು ತಿಳಿಸಿ, ಮನೋವೈದ್ಯರಿಗೆ ಚೀಟಿ ಬರೆದು ಕಳುಹಿಸಬೇಕು. ನಾಮಫಲಕದಲ್ಲಿಯೂ ಹೆಸರಿನ ಕೆಳಗೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಸ್ಪಷ್ಟವಾಗಿ ಬರೆಸಬೇಕು.